ನೆರಳಿನ ನೆಲೆ: ಹೂಗ್ಲಿಯ ಸೂರ್ಯಗಡಿಯಾರ ಮತ್ತು ಮಹಾವೀರಾಚಾರ್ಯನ ಛಾಯಾವ್ಯವಹಾರ

ಕೋಲ್ಕತ್ತದಿಂದ ಉತ್ತರಕ್ಕೆ ಸುಮಾರು 40 ಕಿಲೋಮೀಟರ್ ದೂರದಲ್ಲಿ, ನದಿಯ ಪಶ್ಚಿಮ ದಂಡೆಯ ಮೇಲೆ, ಹೂಗ್ಲಿಯ ಇಮಾಮ್‌ಬಾಡಾ ಇದೆ. ಹಾಜಿ ಮುಹಮ್ಮದ್ ಮೊಹ್ಸಿನ್ (1732-1812) ಬಿಟ್ಟುಹೋದ ದತ್ತಿಯ ನೆರವಿನಿಂದ 1841ರಲ್ಲಿ ಆರಂಭವಾದ ಈ ಕಟ್ಟಡ 1861ರಲ್ಲಿ ಪೂರ್ಣಗೊಂಡಿತು. ಇದರ ಎರಡು ಗೋಪುರಗಳ ನಡುವೆ ಲಂಡನ್ನಿನಿಂದ ತರಿಸಿದ ಯಂತ್ರಗಡಿಯಾರವಿದೆ. ಹಿಂಬದಿಯಲ್ಲಿ, ನದಿಯ ಕಡೆಗೆ, ಒಂದು ಸೂರ್ಯಗಡಿಯಾರವಿದೆ. ಗೋಪುರದ ಗಡಿಯಾರವನ್ನು ಭಾರತೀಯ ಕಾಲಮಾನಕ್ಕೆ ಹೊಂದಿಸಿದರೆ, ಒಂದೇ ಆವರಣದ ಈ ಎರಡು ಗಡಿಯಾರಗಳು ಒಂದೇ ಹೊತ್ತನ್ನು ಹೇಳಲಾರವು. ಈ ಭೇದದ ಸ್ವರೂಪವನ್ನು ವಿವರಿಸಿ, ನಮ್ಮ ಪ್ರಾಚೀನ ಬರಹಗಳಲ್ಲಿ ಬರುವ ಕಾಲಸೂಚನೆಗಳನ್ನು ಅರ್ಥೈಸುವವರಿಗೆ ಅದರಿಂದ ದೊರೆಯುವ ಎಚ್ಚರಿಕೆಯನ್ನು ಸೂಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಭಾರತೀಯ ಕಾಲಮಾನವು 82½ ಡಿಗ್ರಿ ಪೂರ್ವ ರೇಖಾಂಶವನ್ನು ಆಧರಿಸಿದೆ. ಹೂಗ್ಲಿ ಮತ್ತು ಕೋಲ್ಕತ್ತಗಳು ಅದಕ್ಕಿಂತ ಸುಮಾರು 5.9 ಡಿಗ್ರಿ ಪೂರ್ವಕ್ಕಿವೆ. ಒಂದು ಡಿಗ್ರಿಗೆ 4 ನಿಮಿಷದಂತೆ ಲೆಕ್ಕಿಸಿದರೆ ಅಲ್ಲಿಯ ಸೂರ್ಯಗಡಿಯಾರವು ನಮ್ಮ ಕೈಗಡಿಯಾರಕ್ಕಿಂತ ಸರಾಸರಿ 23½ ನಿಮಿಷ ಮುಂದಿರಬೇಕು. ಇದು ಹೆಚ್ಚುಕಡಿಮೆ ಒಂದು ಘಳಿಗೆ (24 ನಿಮಿಷ) ಎಂಬುದು ಗಮನಾರ್ಹ. ಭಾರತೀಯ ಕಾಲಮಾನ 1906ರಲ್ಲಿ ಜಾರಿಗೆ ಬಂದ ಮೇಲೂ ಕೋಲ್ಕತ್ತ ನಗರವು 1948ರವರೆಗೆ ತನ್ನದೇ ಕಾಲಮಾನವನ್ನು ಉಳಿಸಿಕೊಂಡಿದ್ದಿತು. ಆ ನಗರ ಬಿಡಲೊಪ್ಪದೆ ಇದ್ದದ್ದು ಈ ಒಂದು ಘಳಿಗೆಯನ್ನೇ. ಇದಲ್ಲದೆ, ಭೂಮಿಯ ಕಕ್ಷೆ ಪೂರ್ಣ ವೃತ್ತವಲ್ಲದಿರುವುದರಿಂದಲೂ ಅದರ ಅಕ್ಷ ವಾಲಿರುವುದರಿಂದಲೂ ಸೂರ್ಯನ ನಡೆ ವರ್ಷವಿಡೀ ಸಮನಾಗಿರುವುದಿಲ್ಲ. ನವೆಂಬರ್ ಮೊದಲಲ್ಲಿ ಸೂರ್ಯ 16 ನಿಮಿಷ ಮುಂದಿದ್ದರೆ, ಫೆಬ್ರವರಿ ನಡುವೆ 14 ನಿಮಿಷ ಹಿಂದಿರುತ್ತಾನೆ. ಆದಕಾರಣ ಹೂಗ್ಲಿಯ ನೆರಳು ಒಮ್ಮೆ 40 ನಿಮಿಷ, ಮತ್ತೊಮ್ಮೆ 10 ನಿಮಿಷಕ್ಕಿಂತಲೂ ಕಡಿಮೆ ಮುಂದಿರುತ್ತದೆ. ಬೆಂಗಳೂರಿನಲ್ಲಾದರೆ ನೆರಳು ಸರಾಸರಿ 20 ನಿಮಿಷ ಹಿಂದೆಯೇ ಉಳಿಯುತ್ತದೆ. ಇದನ್ನು ಫಲಕದ ದೋಷವೆಂದು ತಿಳಿಯುವುದು ಸರಿಯಲ್ಲ. ಸೂರ್ಯಗಡಿಯಾರವು ತಾನು ನಿಂತ ನೆಲದ ಹೊತ್ತನ್ನು ಮಾತ್ರ ಹೇಳುತ್ತದೆ.

ನೆಲೆ ತಪ್ಪಿದ ನೆರಳಿಗೆ ಪ್ರಸಿದ್ಧ ನಿದರ್ಶನವೊಂದು ರೋಮಿನ ಇತಿಹಾಸದಲ್ಲಿದೆ. ಕ್ರಿ.ಪೂ. 263ರಲ್ಲಿ ಸಿಸಿಲಿಯ ಕಟಾನಿಯಾದಿಂದ ಯುದ್ಧದ ಕೊಳ್ಳೆಯಾಗಿ ತಂದ ಸೂರ್ಯಗಡಿಯಾರವನ್ನು ರೋಮನ್ನರು ತಮ್ಮ ನಗರದಲ್ಲಿ ನಿಲ್ಲಿಸಿದರು. ದಕ್ಷಿಣದ ಅಕ್ಷಾಂಶಕ್ಕೆ ಕೊರೆದ ಅದರ ಗೆರೆಗಳು ರೋಮಿಗೆ ಹೊಂದುತ್ತಿರಲಿಲ್ಲ. ಆದರೂ 99 ವರ್ಷ ಅದನ್ನೇ ಅನುಸರಿಸಿದರೆಂದು ಪ್ಲಿನಿ ದಾಖಲಿಸಿದ್ದಾನೆ. ಇದಕ್ಕೆ ವ್ಯತಿರಿಕ್ತವಾದುದು ಸವಾಯಿ ಜಯಸಿಂಹನು 18ನೆಯ ಶತಮಾನದ ಪೂರ್ವಾರ್ಧದಲ್ಲಿ ಜಯಪುರದಲ್ಲಿ ಕಟ್ಟಿಸಿದ ಸಮ್ರಾಟ್ ಯಂತ್ರ. ಸುಮಾರು 27 ಮೀಟರ್ ಎತ್ತರದ ಅದರ ಶಂಕುಭಿತ್ತಿಯು ಆ ಊರಿನ ಅಕ್ಷಾಂಶದಷ್ಟೇ, ಅಂದರೆ 27 ಡಿಗ್ರಿ, ಓರೆಯಾಗಿದ್ದು ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿದೆ. ಅದರ ಅಳತೆಪಟ್ಟಿಯಲ್ಲಿ 2 ಸೆಕೆಂಡುಗಳವರೆಗೂ ಗುರುತುಗಳಿವೆ. ಅದನ್ನು ಕಿತ್ತು ಬೇರೆಡೆ ನಿಲ್ಲಿಸಿದರೆ ಅದೂ ಕಟಾನಿಯಾದ ಫಲಕದಂತೆಯೇ ಆದೀತು.

ಈ ಸ್ಥಳನಿಷ್ಠೆಯ ಅರಿವು ನಮ್ಮ ಗಣಿತಕಾರರಿಗೆ ಸ್ಪಷ್ಟವಾಗಿಯೇ ಇದ್ದಿತು. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಮಹಾವೀರಾಚಾರ್ಯನು ರಚಿಸಿದ ಸಂಸ್ಕೃತ ಗ್ರಂಥ ‘ಗಣಿತಸಾರಸಂಗ್ರಹ’ದ ಕೊನೆಯ ಅಧ್ಯಾಯವೇ ಛಾಯಾವ್ಯವಹಾರ. ಮಧ್ಯಾಹ್ನ ನೆರಳೇ ಬೀಳದ ಎಡೆಗೆ ಅವನು ಹೇಳುವ ಕ್ರಮ ಸರಳವಾದುದು: ನೆರಳು ಶಂಕುವಿನ ಎಷ್ಟು ಪಾಲು ಇದೆಯೆಂದು ಅಳೆದು, ಒಂದನ್ನು ಕೂಡಿಸಿ, ಇಮ್ಮಡಿಸಿ, ಬಂದುದರಿಂದ ಒಂದನ್ನು ಭಾಗಿಸಬೇಕು. ಆಗ ಕಳೆದ ಅಥವಾ ಉಳಿದ ಹಗಲಿನ ಭಾಗ ದೊರೆಯುತ್ತದೆ. ನೆರಳು ಶಂಕುವಿನಷ್ಟೇ ಇದ್ದರೆ ಹಗಲಿನ ನಾಲ್ಕನೆಯ ಒಂದು ಪಾಲು, ಅಂದರೆ 30 ಘಳಿಗೆಯ ಹಗಲಿನಲ್ಲಿ ಏಳೂವರೆ ಘಳಿಗೆ. ಮಧ್ಯಾಹ್ನದಲ್ಲೂ ನೆರಳು ಬೀಳುವ ಎಡೆಯಲ್ಲಾದರೆ ಆ ಮಧ್ಯಾಹ್ನದ ನೆರಳನ್ನು ಮೊದಲು ಕಳೆಯಬೇಕೆಂದು ಮತ್ತೊಂದು ಸೂತ್ರ ವಿಧಿಸುತ್ತದೆ. ನೆಲದ ವಿಳಾಸ ಲೆಕ್ಕದೊಳಗೆ ಸೇರುವುದು ಇಲ್ಲಿಯೇ.

ಈ ಸೂತ್ರಗಳನ್ನು ಇಂದಿನ ತ್ರಿಕೋಣಮಿತಿಯೊಡನೆ ನಾವು ಹೋಲಿಸಿ ನೋಡಿದೆವು. ವಿಷುವದ ದಿನ ಭೂಮಧ್ಯರೇಖೆಯ ಮೇಲೆ ಮೊದಲ ಸೂತ್ರದ ತಪ್ಪು ಎಂದೂ 17 ನಿಮಿಷವನ್ನು ಮೀರುವುದಿಲ್ಲ. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟದ (ಇಂದಿನ ಮಳಖೇಡ) ಅಕ್ಷಾಂಶದಲ್ಲಿ, ಅದೇ ದಿನ, ಎರಡನೆಯ ಸೂತ್ರದ ತಪ್ಪು ಹೆಚ್ಚೆಂದರೆ 25 ನಿಮಿಷ, ಅಂದರೆ ಸರಿಸುಮಾರು ಒಂದು ಘಳಿಗೆ. ಕೋಲ್ಕತ್ತದಲ್ಲಿ ಅದು ಅರ್ಧ ಗಂಟೆಯನ್ನು ಮುಟ್ಟುತ್ತದೆ. ಉತ್ತರಕ್ಕೆ ಸರಿದಷ್ಟೂ ಸೂತ್ರ ಸಡಿಲವಾಗುತ್ತದೆ. ಕೋಲು ಮತ್ತು ಕೂಡುವ-ಭಾಗಿಸುವ ಬುದ್ಧಿ ಇವಿಷ್ಟರಿಂದಲೇ ಒಂದು ಘಳಿಗೆಯ ಆಚೀಚೆಗೆ ಹೊತ್ತನ್ನರಿಯುವ ಈ ಉಪಾಯವು ನಿತ್ಯವ್ಯವಹಾರಕ್ಕೆ ಸಾಕಾಗುವಂಥದು.

ಹೊರನಾಡಿನ ಸಂಶೋಧಕರು ಇದನ್ನು ತಾವೇ ಪರೀಕ್ಷಿಸಬಹುದು. ವಿಷುವದ ದಿನದ ಮಧ್ಯಾಹ್ನ 12 ಅಂಗುಲದ ಶಂಕುವಿನ ನೆರಳು ಮಳಖೇಡದಲ್ಲಿ ಸುಮಾರು 3.7 ಅಂಗುಲ, ಕೋಲ್ಕತ್ತದಲ್ಲಿ 5, ಜಯಪುರದಲ್ಲಿ 6. ಈ ವಿಷುವಚ್ಛಾಯೆಯೇ ಪ್ರಾಚೀನರ ಅಕ್ಷಾಂಶ. ಮಾರ್ಚ್ 20ರ ಸುಮಾರಿಗೆ ಕೋಲ್ಕತ್ತದಲ್ಲಿ ಅಳೆಯುವವರು ಭಾರತೀಯ ಕಾಲಮಾನದ 12 ಗಂಟೆಗೆ ಕಾಯಬಾರದು. ಅಲ್ಲಿ ಅಂದು ನಿಜವಾದ ಮಧ್ಯಾಹ್ನ ಸುಮಾರು 11 ಗಂಟೆ 44 ನಿಮಿಷಕ್ಕೇ ಆಗಿರುತ್ತದೆ.

ಈ ವಿಚಾರ ಕುತೂಹಲಕ್ಕಷ್ಟೇ ಸೀಮಿತವಲ್ಲ. ಹಸ್ತಪ್ರತಿಗಳಲ್ಲಿ, ಜಾತಕಗಳಲ್ಲಿ, ಕೆಲವೊಮ್ಮೆ ಶಾಸನಗಳಲ್ಲಿಯೂ ಘಳಿಗೆಯ ಉಲ್ಲೇಖ ಬಂದಾಗ, ಬೆಳಗಿನ 6 ಗಂಟೆಯಿಂದ ಎಣಿಸಿ ಇಂದಿನ ಗಂಟೆಗೆ ಪರಿವರ್ತಿಸಿಬಿಡುವುದು ಸುಲಭ. ಆದರೆ ಸೂರ್ಯೋದಯದಿಂದ ಎಣಿಸಿದ ಘಳಿಗೆಯು ಆಯಾ ಊರಿನ ಸೂರ್ಯೋದಯಕ್ಕೆ ಸೇರಿದ್ದು. ವಿಷುವದ ದಿನ ಮಳಖೇಡದಲ್ಲಿ ಸೂರ್ಯ ಮೂಡುವುದು ಕೋಲ್ಕತ್ತದಲ್ಲಿ ಮೂಡಿದ ಸುಮಾರು 45 ನಿಮಿಷಗಳ ತರುವಾಯ. ತಿಥಿ ಮುಗಿಯುವ ವೇಳೆಯನ್ನೋ ಗ್ರಹಣದ ಸ್ಪರ್ಶಕಾಲವನ್ನೋ ಹೋಲಿಸುವಾಗ ಇಷ್ಟು ಅಂತರವು ಕಾಲನಿರ್ಣಯವನ್ನೇ ಕೆಡಿಸಬಲ್ಲದು. ಒಪ್ಪವಾದ ದಾಖಲೆಯನ್ನು ಕೂಟವೆಂದು ತಳ್ಳಿಹಾಕುವ ಪ್ರಮಾದಕ್ಕೂ ಎಡೆಯಾದೀತು. ಆದ್ದರಿಂದ ಬರಹ ಯಾವ ಊರಿನದೆಂಬುದನ್ನು ಮೊದಲು ನಿಶ್ಚಯಿಸಿ, ಅಲ್ಲಿಯ ಸೂರ್ಯೋದಯವನ್ನು ಗಣಿಸಿ, ಅನಂತರವೇ ಘಳಿಗೆಗಳನ್ನು ಕೂಡಿಸುವುದು ಯುಕ್ತ. ಹೂಗ್ಲಿಯ ದಂಡೆಯ ನೆರಳನ್ನೂ ಮಳಖೇಡದ ಸೂತ್ರವನ್ನೂ ಅವುಗಳ ನೆಲದಲ್ಲಿ ನಿಂತು ಓದಿದಾಗಲೇ ಅವು ನಿಜ ನುಡಿಯುತ್ತವೆ.