ಏರ್‌ಡ್ರಾಪ್: ಕೊಡುಗೆಯೋ, ವಂಚನೆಯೋ?

ಕ್ರಿಪ್ಟೋ ಸಂಸ್ಥೆಗಳು ಪ್ರಚಾರಾರ್ಥವಾಗಿ ಅಥವಾ ಹಳೆಯ ಬಳಕೆದಾರರಿಗೆ ಪ್ರತಿಫಲವಾಗಿ ಟೋಕನ್‌ಗಳನ್ನು ಉಚಿತವಾಗಿ ಹಂಚುವುದಕ್ಕೆ ‘ಏರ್‌ಡ್ರಾಪ್’ ಎಂದು ಹೆಸರು. ಯೂನಿಸ್ವಾಪ್ ವಿನಿಮಯ ವೇದಿಕೆಯು 2020ರ ಸೆಪ್ಟೆಂಬರ್‌ನಲ್ಲಿ, ತನ್ನನ್ನು ಅದುವರೆಗೆ ಬಳಸಿದ್ದ ವ್ಯಾಲೆಟ್ ವಿಳಾಸಗಳಿಗೆ ತಲಾ 400 ಟೋಕನ್ ನೀಡಿತು. ಪಡೆದವರು ತೆತ್ತದ್ದು ಜಾಲದ ವಹಿವಾಟು ಶುಲ್ಕವನ್ನು ಮಾತ್ರ.

ಇದೇ ಹೆಸರಿನಲ್ಲಿ ವಂಚನೆಯೂ ನಡೆಯುತ್ತಿದೆ. ಆದುದರಿಂದ ಏನು ಕೊಡುತ್ತಾರೆ ಎಂಬುದಕ್ಕಿಂತ ಏನು ಕೇಳುತ್ತಾರೆ ಎಂಬುದನ್ನು ವರ್ತಕರು ಪರಿಶೀಲಿಸಬೇಕು.

ಮೊದಲನೆಯದಾಗಿ, ವ್ಯಾಲೆಟ್‌ನ 12 ಅಥವಾ 24 ಪದಗಳ ಗುಪ್ತ ಪದಸರಣಿಯನ್ನು ನೈಜ ಸಂಸ್ಥೆ ಕೇಳುವುದಿಲ್ಲ. ಅದು ತಿಜೋರಿಯ ಕೀಲಿಕೈ. ಎರಡನೆಯದಾಗಿ, ‘ಮೊದಲು ಇಷ್ಟು ಕಳುಹಿಸಿ, ದುಪ್ಪಟ್ಟು ಪಡೆಯಿರಿ’ ಎಂಬುದು ಕೊಡುಗೆಯೇ ಅಲ್ಲ. ಮೂರನೆಯದಾಗಿ, ಅಪರಿಚಿತ ತಾಣದಲ್ಲಿ ವ್ಯಾಲೆಟ್ ಜೋಡಿಸಿ ಅನುಮೋದನೆ ನೀಡುವುದು ಮೊತ್ತ ಬರೆಯದ ಚೆಕ್ಕಿಗೆ ಸಹಿ ಹಾಕಿದಂತೆ. ನಿಮ್ಮಲ್ಲಿರುವ ಟೋಕನ್‌ಗಳನ್ನು ಸಾಗಿಸುವ ಅಧಿಕಾರ ಪರರ ಪಾಲಾಗಬಹುದು. ಚೆಕ್ಕಾದರೆ ಬ್ಯಾಂಕಿಗೆ ತಿಳಿಸಿ ಪಾವತಿ ತಡೆಯಬಹುದು. ಇಲ್ಲಿ ಅಂತಹ ಬ್ಯಾಂಕಿಲ್ಲ.

ನೈಜ ಏರ್‌ಡ್ರಾಪ್ ಸಹ ತೆರಿಗೆಮುಕ್ತವಲ್ಲ. ಟೋಕನ್ ಮಾರಿದ ಲಾಭಕ್ಕೆ 2022-23ನೇ ಸಾಲಿನಿಂದ ಶೇ. 30ರ ತೆರಿಗೆ ಅನ್ವಯಿಸುತ್ತದೆ. ನಷ್ಟವನ್ನು ವ್ಯಾಪಾರದ ಲಾಭದಲ್ಲಿ ವಜಾ ಮಾಡಿಕೊಳ್ಳುವಂತಿಲ್ಲ. ಆದ್ದರಿಂದ ಪಡೆದ ದಿನಾಂಕ ಮತ್ತು ಮೌಲ್ಯವನ್ನು ಲೆಕ್ಕಪುಸ್ತಕದಲ್ಲಿ ನಮೂದಿಸಿಡುವುದು ಕ್ಷೇಮ. ಮೋಸ ಹೋದಲ್ಲಿ ತಡಮಾಡದೆ 1930 ಸೈಬರ್ ಸಹಾಯವಾಣಿಗೆ ದೂರು ನೀಡತಕ್ಕದ್ದು.