ಸಮುದ್ರವಿಲ್ಲದ ದೇಶದಲ್ಲಿ ತಳ ಸಿಗದ ಬಾವಿ!

ಬಾಟಾ ಚಪ್ಪಲಿ ಯಾರಿಗೆ ಗೊತ್ತಿಲ್ಲ? ಆ ಕಂಪನಿ 1894ರಲ್ಲಿ ಶುರುವಾದದ್ದು ಈಗಿನ ಜೆಕ್ ದೇಶದ ಜ್ಲಿನ್ ಎಂಬ ಊರಲ್ಲಿ. ಅದೇ ಮೊರಾವಿಯಾ ಸೀಮೆಯಲ್ಲಿ ಹ್ರಾನಿಟ್ಸೆ ಅಂತ ಇನ್ನೊಂದು ಸಣ್ಣ ಪಟ್ಟಣವಿದೆ. ಚಪ್ಪಲಿ ಪ್ರಪಂಚವೆಲ್ಲ ಸುತ್ತಿತು; ಈ ಪಟ್ಟಣಕ್ಕೆ ಮಾತ್ರ ಪ್ರಪಂಚದ ಮುಳುಗುಗಾರರೇ ಹುಡುಕಿಕೊಂಡು ಬರುತ್ತಾರೆ. ಕಾರಣ, ಊರ ಪಕ್ಕದ ಒಂದು ಗುಂಡಿ!

ಜೆಕ್ ದೇಶಕ್ಕೆ ಸಮುದ್ರವೇ ಇಲ್ಲ. ನಾಲ್ಕೂ ದಿಕ್ಕಿಗೆ ಬೇರೆ ದೇಶಗಳು. ಷೇಕ್ಸ್‌ಪಿಯರ್ ಮಹಾಶಯ ತನ್ನ ಒಂದು ನಾಟಕದಲ್ಲಿ ಅಲ್ಲಿನ ಬೊಹೀಮಿಯಾಕ್ಕೆ ಕಡಲ ತೀರ ಕೊಟ್ಟುಬಿಟ್ಟ. ಜನ ಇವತ್ತಿಗೂ ನಗುತ್ತಾರೆ. ಆದರೆ ಸಮುದ್ರ ಇಲ್ಲ ಅಂತ ಅಲ್ಲಿನವರು ಕೈಕಟ್ಟಿ ಕೂತಿಲ್ಲ. ಕಲ್ಲು ತೆಗೆದು ಬಿಟ್ಟ ಹಳೇ ಕ್ವಾರಿಗಳಲ್ಲಿ ನೀರು ನಿಂತಿದೆಯಲ್ಲ, ಅಲ್ಲೇ ಸಿಲಿಂಡರ್ ಕಟ್ಟಿಕೊಂಡು ಮುಳುಗೋದು ಕಲಿಯುತ್ತಾರೆ.

ಎರಡು ಜೋಗದ ಆಳ

ಹ್ರಾನಿಟ್ಸೆ ಕಮರಿ ರೈಲು ನಿಲ್ದಾಣದಿಂದ ನಡೆದೇ ಹೋಗುವಷ್ಟು ಹತ್ತಿರ. ಕಾಡಿನ ನಡುವೆ ಭೂಮಿ ಬಾಯಿ ಬಿಟ್ಟಂತಿದೆ. ಮೇಲಿನಿಂದ ನೀರಿನ ತನಕವೇ 69 ಮೀಟರ್ ಚಿಲ್ಲರೆ. ಕೆಳಗೆ ಹಸಿರು ಪಾಚಿ ಮುಚ್ಚಿದ ಪುಟ್ಟ ಕೊಳ. ನೋಡಿದರೆ ಊರ ಕಲ್ಯಾಣಿ ಅನ್ನಬೇಕು, ಅಷ್ಟೇ.

ಪೋಲೆಂಡಿನ ಮುಳುಗುಗಾರ ಕ್ರಿಸ್ಟೋಫ್ ಸ್ಟಾರ್ನಾವ್‌ಸ್ಕಿ 2015ರಲ್ಲಿ ಈ ನೀರಿನಲ್ಲಿ 265 ಮೀಟರ್ ಇಳಿದ. ತಳ ಕಾಣಲಿಲ್ಲ. 2016ರ ಸೆಪ್ಟೆಂಬರಿನಲ್ಲಿ ಅವನ ತಂಡ ಯಂತ್ರವೊಂದನ್ನು ಕೇಬಲ್ ಕಟ್ಟಿ ಇಳಿಬಿಟ್ಟಿತು. 404 ಮೀಟರಿಗೆ ಕೇಬಲ್ಲೇ ಮುಗಿಯಿತು, ತಳ ಮುಗಿಯಲಿಲ್ಲ! ಅಲ್ಲಿಯವರೆಗೆ ಇಟಲಿಯ ಪೊಟ್ಸೊ ದೆಲ್ ಮೆರ್ರೊ ಗುಹೆ 392 ಮೀಟರಿನಿಂದ ಮೊದಲ ಸ್ಥಾನದಲ್ಲಿತ್ತು. ಮೂರು ಕಡೆ ಸಮುದ್ರ ಇಟ್ಟುಕೊಂಡ ಇಟಲಿಯನ್ನು ಸಮುದ್ರವೇ ಇಲ್ಲದ ದೇಶ 12 ಮೀಟರಿನಿಂದ ಸೋಲಿಸಿತು. 2022ರ ಹೊತ್ತಿಗೆ ಅಳತೆ ನೀರಿನೊಳಗೆ 450 ಮೀಟರ್ ಮುಟ್ಟಿತು. ಮೇಲಿನ ಕಮರಿಯನ್ನೂ ಸೇರಿಸಿದರೆ 519 ಮೀಟರ್ ದಾಟುತ್ತದೆ. ನಮ್ಮ ಜೋಗ 253 ಮೀಟರ್. ಎರಡು ಜೋಗ ಒಂದರ ಮೇಲೊಂದು ಇಟ್ಟರೂ ಇನ್ನೂ ಜಾಗ ಉಳಿಯುತ್ತೆ!

ನೀರೂ ಸುಮ್ಮನೆ ನೀರಲ್ಲ. ಕಾರ್ಬನ್ ಡೈಆಕ್ಸೈಡ್ ಕರಗಿದ ಖನಿಜದ ನೀರು. ಬರಿ ಮೈಗೆ ತಾಗಿದರೆ ಚುರುಗುಟ್ಟುತ್ತದೆ, ಸಲಕರಣೆಯನ್ನೂ ಕೆಡಿಸುತ್ತದೆ.

ಗಲ್ಲಾ ಪೆಟ್ಟಿಗೆ ಲೆಕ್ಕ

ಸಮುದ್ರದಲ್ಲಿ ಏನಾದರೂ ಎಡವಟ್ಟಾದರೆ ತಲೆಯ ಮೇಲೆ ಆಕಾಶವಿದೆ. ಗುಹೆಯಲ್ಲಿ ತಲೆಯ ಮೇಲೆ ಬಂಡೆ! ಹೋದ ದಾರಿಯಲ್ಲೇ ವಾಪಸು ಬರಬೇಕು. ಕೆಸರು ಎದ್ದರೆ ಸ್ವಂತ ಕೈಯೇ ಕಾಣದು. ಅದಕ್ಕೇ ಬಾಯಿಯಿಂದ ಹಿಡಿದು ಒಳಗಿನ ತನಕ ಹಗ್ಗ ಬಿಟ್ಟುಕೊಂಡೇ ಹೋಗುತ್ತಾರೆ. ಕತ್ತಲಲ್ಲಿ ಆ ಹಗ್ಗವೇ ದೇವರು.

ಗಾಳಿಯ ಲೆಕ್ಕ ಯಾವ ಅಂಗಡಿಯವರಿಗಾದರೂ ಮೆಚ್ಚಿಗೆಯಾದೀತು. ಸಿಲಿಂಡರಿನ ಗಾಳಿ ಮೂರು ಪಾಲು. ಒಂದು ಪಾಲು ಒಳಗೆ ಹೋಗಲು, ಒಂದು ಪಾಲು ಹೊರಗೆ ಬರಲು. ಮೂರನೆಯದನ್ನು ಮುಟ್ಟುವಂತಿಲ್ಲ, ಅದು ಕಷ್ಟಕಾಲಕ್ಕೆ. ಜೊತೆಗಾರನ ಗಾಳಿ ಕೈಕೊಟ್ಟರೆ ಅವನೂ ಬದುಕಬೇಕಲ್ಲ! ಮೊದಲ ಪಾಲು ಖರ್ಚಾಯಿತೋ, ಮುಂದೆ ಬಂಗಾರದ ಗಣಿಯೇ ಕಂಡರೂ ಹಿಂದೆ ತಿರುಗಬೇಕು.

ಇಳಿಯೋದು ಸುಲಭ, ತೀರಿಸೋದು ಕಷ್ಟ

ಪ್ರತಿ 10 ಮೀಟರಿಗೆ ಮೈಮೇಲೆ ಇನ್ನೊಂದು ವಾತಾವರಣದಷ್ಟು ಒತ್ತಡ ಕೂಡುತ್ತದೆ. 40 ಮೀಟರಿನಲ್ಲಿ ಒಂದು ಉಸಿರಿಗೆ ಮೇಲಿನ ಐದು ಉಸಿರಿನಷ್ಟು ಗಾಳಿ ಬೇಕು. ಇನ್ನೂ ಕೆಳಗೆ ಹೋದರೆ ಮಾಮೂಲಿ ಗಾಳಿಯ ನೈಟ್ರೋಜನ್ನೇ ಸಾರಾಯಿ ಕುಡಿದ ಹಾಗೆ ತಲೆಗೇರುತ್ತದೆ. ಅದಕ್ಕಾಗಿ ಹೀಲಿಯಂ ಬೆರೆಸುತ್ತಾರೆ.

ಕೆಳಗೆ ಉಸಿರಾಡಿದ ಗ್ಯಾಸು ರಕ್ತದಲ್ಲಿ, ಮೈಯಲ್ಲಿ ಕರಗಿ ಕೂರುತ್ತದೆ. ಗೋಲಿ ಸೋಡಾ ನೆನಪಿದೆಯಲ್ಲ? ಗೋಲಿ ಒತ್ತಿದ ಕೂಡಲೇ ಗುಳ್ಳೆ ಭುಸ್ಸನೆ ಏಳುತ್ತದೆ. ಅವಸರಪಟ್ಟು ಮೇಲೆ ಬಂದವನ ಮೈಯಲ್ಲೂ ಅದೇ ಕತೆ. ಕೀಲು ನೋವಿನಿಂದ ಹಿಡಿದು ಲಕ್ವ, ಸಾವಿನ ತನಕ ಹೋಗಬಹುದು. ಆದ್ದರಿಂದ ಕೆಳಗೆ ನಿಮಿಷಗಳಲ್ಲಿ ಇಳಿದವನು ಮೇಲೆ ಬರಲು ಗಂಟೆಗಟ್ಟಲೆ ತೆಗೆದುಕೊಳ್ಳುತ್ತಾನೆ. ಅಲ್ಲಲ್ಲಿ ಹಗ್ಗ ಹಿಡಿದು, ತಣ್ಣೀರಿನಲ್ಲಿ ಕಾಯುತ್ತಾ, ಬಸ್ಸಿಗೆ ಕಾದಂತೆ! ಸಾಲ ಮಾಡಿದ್ದು ಕ್ಷಣದಲ್ಲಿ, ತೀರಿಸೋದು ಕಂತಿನಲ್ಲಿ.

ತಳ ಎಲ್ಲಿ?

ಕೆಳಗಿನಿಂದ ಉಕ್ಕಿದ ಬಿಸಿನೀರು ಸುಣ್ಣದ ಕಲ್ಲನ್ನು ತಿಂದು ಈ ಕಮರಿ ಆಯಿತು ಎಂದು ಮೊದಲು ನಂಬಿದ್ದರು. 2020ರಲ್ಲಿ ಪ್ರಕಟವಾದ ಜೆಕ್ ವಿಜ್ಞಾನಿಗಳ ಅಧ್ಯಯನ ಬೇರೆ ಮಾತು ಹೇಳಿತು. ನೆಲದ ಮೇಲಿನಿಂದಲೇ ಅಳೆದು ನೋಡಿದಾಗ, ಮೇಲಿಂದ ಇಳಿದ ನೀರೇ ಕಲ್ಲನ್ನು ಕರಗಿಸುತ್ತಾ ಹೋದ ಗುರುತು ಸಿಕ್ಕಿತು. ಕಮರಿಯ ಆಳ ಸುಮಾರು 1 ಕಿಲೋಮೀಟರ್ ಇರಬಹುದು ಎಂಬ ಅಂದಾಜೂ ಬಂತು.

ಅಷ್ಟು ಕೆಳಗೆ ಮನುಷ್ಯ ಹೋಗುವ ಮಾತಿಲ್ಲ. ಸ್ಟಾರ್ನಾವ್‌ಸ್ಕಿ ಸಾಹಸಿಯೇ, ಸಂಶಯವಿಲ್ಲ. ಆದರೂ ಮುಂದಿನ ಆಳಕ್ಕೆ ಇಳಿದದ್ದು ಯಂತ್ರ. ಅದರ ಕೇಬಲ್ ಹರಿದರೆ ಹೋಗೋದು ಬರೀ ದುಡ್ಡು. ಎಷ್ಟು ಆಳ ಮುಟ್ಟಿದ ಅನ್ನೋದು ಆಮೇಲಿನ ಮಾತು. ವಾಪಸು ಬಂದನೇ ಅನ್ನೋದೇ ಮನೆಯವರು ಮೊದಲು ಕೇಳುವ ಮಾತು.