ಷಟ್ಪದಿಯ ನಡೆಯೂ ಕರ್ಣನ ಅಳಲೂ

ಪದ್ಯದ ಮಾತ್ರೆಗಳನ್ನೆಣಿಸಿದರೆ ಅದರ ಸೊಗಸು ಕೈವಶವಾಯಿತೆಂದು ತಿಳಿಯುವವರುಂಟು. ಈ ಎಣಿಕೆಯಿಂದ ರಸಾಸ್ವಾದಕ್ಕೆ ಏನೂ ಪ್ರಯೋಜನವಿಲ್ಲವೆಂದು ಅದನ್ನು ತಳ್ಳಿಬಿಡುವವರೂ ಉಂಟು. ಇವೆರಡರಲ್ಲಿ ಯಾವ ಮತವು ನಿಲ್ಲತಕ್ಕುದೆಂಬುದನ್ನು ಕುಮಾರವ್ಯಾಸನ ಒಂದೇ ಪದ್ಯವನ್ನು ಹಿಡಿದು ಪರೀಕ್ಷಿಸೋಣ.

15ನೆಯ ಶತಮಾನದ ಈ ಗದುಗಿನ ಕವಿಯು ತನ್ನ ಭಾರತವನ್ನು ಭಾಮಿನೀ ಷಟ್ಪದಿಯಲ್ಲಿ ರಚಿಸಿದನು. ಇದರ 1, 2, 4, 5ನೆಯ ಸಾಲುಗಳಲ್ಲಿ ಮೂರು ಮಾತ್ರೆಯ ಗಣವೂ ನಾಲ್ಕು ಮಾತ್ರೆಯ ಗಣವೂ ಎರಡಾವೃತ್ತಿ ಬಂದು 14 ಮಾತ್ರೆಗಳಾಗುವುವು. 3 ಮತ್ತು 6ನೆಯ ಸಾಲುಗಳಲ್ಲಿ ಅವೇ ಗಣಗಳು ಮೂರಾವೃತ್ತಿ ಬಂದು, ಕೊನೆಗೊಂದು ಗುರು ಸೇರಿ 23 ಆಗುವುವು. ಒಟ್ಟು 102 ಮಾತ್ರೆಗಳು. ಆರು ಸಾಲುಗಳಲ್ಲಿಯೂ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನದ ಪ್ರಾಸ. ಮೂರರ ಬೆನ್ನಿಗೆ ನಾಲ್ಕು ಬರುವುದರಿಂದ ನಡೆಯು ಎಲ್ಲಿಯೂ ಸಮವಾಗಿ ನಿಂತುಬಿಡದೆ ಮುಂದೊತ್ತುತ್ತಲೇ ಇರುತ್ತದೆ.

ಉದ್ಯೋಗಪರ್ವದಲ್ಲಿ ಶ್ರೀಕೃಷ್ಣನು ಕರ್ಣನಿಗೆ ಅವನ ಜನ್ಮರಹಸ್ಯವನ್ನು ತಿಳಿಸುವ ಸಂದರ್ಭವು ಕೇಳುಗರಿಗೆ ಪರಿಚಿತವಾದುದೇ. ಅದನ್ನು ಕೇಳಿ ಕರ್ಣನ ಕೊರಳು ಉಬ್ಬುತ್ತದೆ, ಕಣ್ಣೀರು ಹೊಮ್ಮುತ್ತದೆ. ಕಣ್ಣೀರೆಂಬ ಮಾತು ಮೊದಲನೆಯ ಸಾಲಿನ ತುದಿಯಲ್ಲಿದೆ. ಹೊಮ್ಮಿತೆಂಬ ಕ್ರಿಯೆಯು ಎರಡನೆಯ ಸಾಲಿನ ಮೊದಲಿನಲ್ಲಿದೆ. ನೀರು ಕಣ್ಣಿನ ಎಲ್ಲೆಯನ್ನು ಮೀರುವಾಗ ವಾಕ್ಯವೂ ಸಾಲಿನ ಎಲ್ಲೆಯನ್ನು ಮೀರುತ್ತದೆ. ಗಿಡ್ಡ ಸಾಲುಗಳೆರಡು ನೋವಿಗೆ ಮೀಸಲಾದರೆ, ಮೂರನೆಯ ನೀಳವಾದ ಸಾಲಿನಲ್ಲಿ ಕರ್ಣನ ಮೊದಲ ಆಲೋಚನೆ ಮೂಡುತ್ತದೆ. ಅದು ತನ್ನನ್ನು ಕುರಿತದ್ದಲ್ಲ. ದುರ್ಯೋಧನನಿಗೆ ಒದಗಿದ ಕೇಡನ್ನು ಕುರಿತದ್ದು. ಉತ್ತರಾರ್ಧದಲ್ಲಿ ಕೃಷ್ಣನ ಹಗೆಯ ವಿಚಾರ ಬಂದು, ಆರನೆಯ ಸಾಲಿನಲ್ಲಿ ವಂಶವನ್ನು ತಿಳಿಸುವುದೂ ಕೊಲ್ಲುವುದೂ ಒತ್ತಿನಲ್ಲಿಯೇ ನಿಲ್ಲುತ್ತವೆ. ಅಸ್ತ್ರವಿಲ್ಲದೆ ನಡೆದ ವಧೆಯನ್ನು ಕರ್ಣನು ಅರಿತುಕೊಳ್ಳುವುದು ಅಲ್ಲಿಯೇ.

ಹಾಗಾದರೆ ಭಾಮಿನಿಯು ಕರುಣಕ್ಕೇ ತಕ್ಕ ಛಂದಸ್ಸೋ? ಅಲ್ಲ. ವಿರಾಟಪರ್ವದಲ್ಲಿ ಉತ್ತರಕುಮಾರನು ಜಂಬ ಕೊಚ್ಚಿ, ಕೌರವಸೇನೆಯನ್ನು ಕಂಡು ಓಡುವುದೂ ಇದೇ 102 ಮಾತ್ರೆಗಳಲ್ಲಿ. ಆದುದರಿಂದ ಛಂದಸ್ಸು ತಾನಾಗಿ ರಸವನ್ನು ಹುಟ್ಟಿಸಲಾರದು. ಉಸಿರು ಎಲ್ಲಿ ನಿಲ್ಲಬಹುದೆಂಬ ಎಡೆಗಳನ್ನು ಮಾತ್ರ ಅದು ಒದಗಿಸುತ್ತದೆ. ಆ ಎಡೆಗಳಲ್ಲಿ ನಿಲ್ಲುವುದೋ ದಾಟುವುದೋ ಎಂಬುದು ಕವಿಯ ನಿರ್ಧಾರ. ಭಾವವು ಹೊಮ್ಮುವುದು ಆ ನಿರ್ಧಾರದಲ್ಲಿ.

ಆದಕಾರಣ ಮಾತ್ರೆಯ ಲೆಕ್ಕವನ್ನರಿಯದವನಿಗೆ ಕವಿಯು ಎಲ್ಲೆ ಮೀರಿದ್ದು ತಿಳಿಯದು. ಲೆಕ್ಕವನ್ನೇ ನೆಚ್ಚಿ ಪ್ರತಿಯೊಂದು ಸಾಲಿನ ಕೊನೆಗೂ ತಡೆದು ಓದುವವನ ಬಾಯಲ್ಲಿ ಕರ್ಣನ ಕಣ್ಣೀರು ಅರ್ಧದಲ್ಲಿಯೇ ಬತ್ತುತ್ತದೆ. ಒಳ್ಳೆಯ ಗಮಕಿಯು ಲಯವನ್ನು ಕೆಡಿಸದೆ ಅರ್ಥಕ್ಕೆ ತಕ್ಕಂತೆ ನಿಲ್ಲುತ್ತಾನೆ. ಮುಂದೆ ಈ ಪದ್ಯವನ್ನು ವಾಚನದಲ್ಲಿ ಕೇಳುವಾಗ, ಮೊದಲೆರಡು ಸಾಲುಗಳ ಸಂಧಿಯಲ್ಲಿ ಅವನು ಏನು ಮಾಡುವನೆಂಬುದನ್ನು ಗಮನಿಸೋಣ.